ಹಳೇ ಡೇಟಾಬೇಸ್ ತೆಗೆಯದೆಯೇ ಹೊಸದನ್ನು ಹಾಕಬಹುದು

ಸಂಪಾದಕರಿಗೆ ನಮಸ್ಕಾರ.

ಏಪ್ರಿಲ್ ಬಂತೆಂದರೆ ಶಿವಮೊಗ್ಗದ ಅಡಿಕೆ ಮಂಡಿಗಳಲ್ಲಿ, ತೀರ್ಥಹಳ್ಳಿ, ಸಾಗರ, ಹೊಸನಗರದ ಗೊಬ್ಬರದಂಗಡಿಗಳಲ್ಲಿ, ಹಳ್ಳಿಯ ಸೊಸೈಟಿಗಳಲ್ಲಿ ಲೆಕ್ಕದ ಸಾಫ್ಟ್‌ವೇರ್ ಬದಲಾಯಿಸುವ ಗಡಿಬಿಡಿ ಶುರುವಾಗುತ್ತದೆ. ಹೊಸ ಸಾಫ್ಟ್‌ವೇರಿಗೆ ಹೊಸ ಡೇಟಾಬೇಸ್ ಸರ್ವರ್, ಅಂದರೆ ಲೆಕ್ಕದ ಮಾಹಿತಿ ಕೂಡಿಟ್ಟು ಕೇಳಿದಾಗ ತೆಗೆದುಕೊಡುವ ಪ್ರೋಗ್ರಾಂ, ಬೇಕು. ಅದನ್ನು ಹಾಕಲು ಬಂದವರು ಮೊದಲು ಹೇಳುವುದು, ‘ಹಳೇದನ್ನ ತೆಗೀಬೇಕು ಸಾರ್, ಎರಡೂ ಒಟ್ಟಿಗೆ ಓಡಲ್ಲ’ ಎಂದು. ಈ ಮಾತು ತಪ್ಪು. ಒಂದೇ ಕಂಪ್ಯೂಟರಿನಲ್ಲಿ ಎರಡು ಆವೃತ್ತಿಗಳು ಅಕ್ಕಪಕ್ಕದಲ್ಲಿ ವರ್ಷಗಟ್ಟಲೆ ಓಡಬಲ್ಲವು. ತಯಾರಕರೇ ಅದಕ್ಕೆ ವ್ಯವಸ್ಥೆ ಮಾಡಿಟ್ಟಿದ್ದಾರೆ. ಅವಸರದಲ್ಲಿ ಹಳೆಯದನ್ನು ಅಳಿಸಿ, ಹಿಂದಿನ ವರ್ಷಗಳ ಖಾತೆ ತೆರೆಯಲಾಗದೆ ಪರದಾಡುವವರು ನಮ್ಮ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಿದೆ.

ಹಳೆಯದು ಏಕೆ ಬೇಕು ಎಂದರೆ ಕಾನೂನೇ ಅದನ್ನು ಕೇಳುತ್ತದೆ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕ ಉಳಿಸಿಕೊಂಡಿರಬೇಕು. ಅಂದರೆ 2024-25ರ ಲೆಕ್ಕ 2031ರ ಡಿಸೆಂಬರ್ ಕೊನೆಯವರೆಗಾದರೂ ಬೇಕು. ಮುದ್ರಿಸಿಟ್ಟ ಡೇ ಬುಕ್ ಸಾಲುವುದಿಲ್ಲವೇ ಎಂದು ಕೇಳಬಹುದು. ಒಬ್ಬ ಬೆಳೆಗಾರರ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ಬಗೆಗಳೆಲ್ಲ ಬೇರೆ ಬೇರೆಯಾಗಿ ನಾಲ್ಕು ವರ್ಷದ್ದು ತೋರಿಸಿ ಎಂದು ಯಾರಾದರೂ ಕೇಳಿದರೆ, ಕಾಗದದ ಕಟ್ಟಿನಿಂದ ಅದನ್ನು ಹುಡುಕಿ ತೆಗೆಯುವುದು ಆಗದ ಮಾತು. ಹಳೆಯ ಸಾಫ್ಟ್‌ವೇರ್ ತೆರೆಯಬೇಕು, ಅದು ತೆರೆಯಬೇಕಾದರೆ ಅದರ ಸರ್ವರ್ ಜೀವಂತ ಇರಬೇಕು.

ಎರಡು ಸರ್ವರ್‌ಗಳು ಒಂದು ಯಂತ್ರದಲ್ಲಿರುವುದು ವಠಾರದ ಎರಡು ಸಂಸಾರಗಳಿದ್ದ ಹಾಗೆ. ಬಾಗಿಲು ಬೇರೆ, ಉಗ್ರಾಣ ಬೇರೆ, ಹೆಸರಿನ ಫಲಕ ಬೇರೆ ಇದ್ದರೆ ಜಗಳವಿಲ್ಲ. ಇಲ್ಲಿ ಬಾಗಿಲೆಂದರೆ ಪೋರ್ಟ್ ಸಂಖ್ಯೆ, ಉಗ್ರಾಣವೆಂದರೆ ಡೇಟಾ ಫೋಲ್ಡರ್, ಫಲಕವೆಂದರೆ ಸರ್ವೀಸಿನ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮಿನ) ಹೆಸರು. ಮೂರರಲ್ಲಿ ಒಂದು ಒಂದೇ ಆದರೂ ಎರಡನೆಯ ಸರ್ವರ್ ಏಳುವುದಿಲ್ಲ, ಇಲ್ಲವೇ ಒಂದರ ಬದಲು ಇನ್ನೊಂದು ಉತ್ತರ ಕೊಡುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ. ಏಳದೇ ಇದ್ದರೆ ಕಣ್ಣಿಗಾದರೂ ಕಾಣುತ್ತದೆ.

ನಮ್ಮ ಅಂಗಡಿಗಳಲ್ಲಿ ಹೆಚ್ಚು ಕಾಣುವುದು ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್. ಅದು ಉಚಿತ, 2022ರವರೆಗಿನ ಆವೃತ್ತಿಗಳಲ್ಲಿ ಒಂದೊಂದು ಡೇಟಾಬೇಸಿಗೆ 10 ಜಿಬಿ ಮಿತಿ. ಒಂದು ಮಂಡಿಯ ಹಲವು ವರ್ಷದ ವಹಿವಾಟಿಗೆ ಅಷ್ಟು ಧಾರಾಳ ಸಾಕು. ಇದರಲ್ಲಿ ಪ್ರತಿ ಸ್ಥಾಪನೆಗೂ ‘ಇನ್‌ಸ್ಟನ್ಸ್’ ಎಂಬ ಹೆಸರಿರುತ್ತದೆ. ತಾನಾಗಿ ಬರುವ ಹೆಸರು ಎಸ್‌ಕ್ಯೂಎಲ್‌ಎಕ್ಸ್‌ಪ್ರೆಸ್. ಹಳೆಯದು ಆ ಹೆಸರನ್ನು ಆಗಲೇ ಹಿಡಿದಿರುತ್ತದೆ. ಆದ್ದರಿಂದ ಹೊಸದನ್ನು ಹಾಕುವಾಗ ‘ಬೇಸಿಕ್’ ಒತ್ತಬೇಡಿ, ‘ಕಸ್ಟಮ್’ ಆರಿಸಿ. ‘ನ್ಯೂ ಸ್ಟ್ಯಾಂಡ್‌ಅಲೋನ್ ಇನ್‌ಸ್ಟಲೇಶನ್’ ಎಂಬುದರ ಮೂಲಕವೇ ಹೋಗಿ. ಅದರ ಪಕ್ಕದಲ್ಲೇ ಇರುವ ‘ಅಪ್‌ಗ್ರೇಡ್’ ಒತ್ತಿದರೆ ಹಳೆಯದರ ಮೇಲೆಯೇ ಹೊಸದು ಕೂರುತ್ತದೆ, ಹಿಂದಕ್ಕೆ ಬರುವ ದಾರಿ ಮುಚ್ಚುತ್ತದೆ. ಮುಂದೆ ‘ನೇಮ್ಡ್ ಇನ್‌ಸ್ಟನ್ಸ್’ ಎಂಬಲ್ಲಿ ಹೊಸ ಹೆಸರು ಕೊಡಿ. 16 ಅಕ್ಷರದೊಳಗಿರಲಿ, ಮಧ್ಯೆ ಖಾಲಿ ಜಾಗ ಬೇಡ, ಆವೃತ್ತಿಯ ವರ್ಷ ಹೆಸರಿನಲ್ಲೇ ಬಂದರೆ ಮುಂದೆ ಯಾರಿಗೂ ಗೊಂದಲವಾಗದು. ಫೋಲ್ಡರ್ ತಾನಾಗಿ ಬೇರೆಯಾಗುತ್ತದೆ. ಫೋಲ್ಡರಿನ ಹೆಸರಲ್ಲಿರುವ 12 ಎಂದರೆ 2014ರ ಆವೃತ್ತಿ, 13 ಎಂದರೆ 2016, 14 ಎಂದರೆ 2017, 15 ಎಂದರೆ 2019, 16 ಎಂದರೆ 2022. ಹಳೆಯ ಯಂತ್ರದಲ್ಲಿ ಏನಿದೆ ಎಂದು ಗೊತ್ತಿಲ್ಲದಿದ್ದರೆ ಈ ಸಂಖ್ಯೆ ನೋಡಿದರೆ ಸಾಕು.

ಯಂತ್ರವೇ ಹೊಸದಾಗಿದ್ದು ಎರಡನ್ನೂ ಹಾಕಬೇಕಾಗಿ ಬಂದರೆ ಹಳೆಯ ಆವೃತ್ತಿ ಮೊದಲು, ಹೊಸದು ಆಮೇಲೆ. ಕೆಲವು ಭಾಗಗಳನ್ನು ಎರಡೂ ಹಂಚಿಕೊಳ್ಳುತ್ತವೆ. ಆ ಭಾಗಗಳ ಹೊಸ ಪ್ರತಿ ಉಳಿಯಬೇಕು. ಇನ್ನೊಂದು ಮಾತು: ವಿಂಡೋಸ್ 11ರ ಮೇಲೆ 2017 ಮತ್ತು ಅದರ ನಂತರದವಕ್ಕೆ ಮಾತ್ರ ಮೈಕ್ರೋಸಾಫ್ಟಿನ ಒಪ್ಪಿಗೆಯಿದೆ. 2014, 2016 ಹಾಕಲೇಬೇಕಾದರೆ ವಿಂಡೋಸ್ ಪ್ರೊದಲ್ಲಿ ಸಿಗುವ ಹೈಪರ್-ವಿ (ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಓಡಿಸುವ ಸೌಲಭ್ಯ) ಒಳಗೆ ಬೇರೆ ಯಂತ್ರ ಮಾಡಿ ಅಲ್ಲಿಡುವುದು ಲೇಸು. ಹೋಮ್ ಆವೃತ್ತಿಯಲ್ಲಿ ಹೈಪರ್-ವಿ ಇಲ್ಲ. ಕಂಪ್ಯೂಟರ್ ಕೊಳ್ಳುವ ಮೊದಲೇ ಇದನ್ನು ಯೋಚಿಸಬೇಕು.

ಹೊಸ ಕಂಪ್ಯೂಟರುಗಳಲ್ಲಿ ಇನ್ನೊಂದು ತೊಡಕು ತಂತ್ರಜ್ಞರನ್ನೂ ದಿನವಿಡೀ ಅಲೆಸುತ್ತದೆ. ಇನ್‌ಸ್ಟಲೇಶನ್ ಕೊನೆಯವರೆಗೂ ಸರಾಗ ಹೋಗಿ, ‘ಡೇಟಾಬೇಸ್ ಎಂಜಿನ್ ರಿಕವರಿ ಹ್ಯಾಂಡಲ್’ ವಿಫಲವಾಯಿತು ಎಂಬ ಸಂದೇಶದೊಂದಿಗೆ ನಿಲ್ಲುತ್ತದೆ. ಮೂರು ಸಲ ತೆಗೆದು ಹಾಕಿದರೂ ಅದೇ. ಆಗ ದೂರು ಬೀಳುವುದು ಹಳೆಯ ಸರ್ವರಿನ ಮೇಲೆ, ‘ಅದು ಅಡ್ಡ ಬರ್ತಿದೆ, ತೆಗೆಯೋಣ’ ಎಂದು. ನಿಜವಾದ ಕಾರಣ ಹಲವು ಸಲ ಎನ್‌ವಿಎಂಇ ಎಂಬ ವೇಗದ ಬಗೆಯ ಡಿಸ್ಕಿನಲ್ಲಿರುತ್ತದೆ. ಎಸ್‌ಕ್ಯೂಎಲ್ ಸರ್ವರ್ 512 ಅಥವಾ 4,096 ಬೈಟ್‌ಗಳ ಸೆಕ್ಟರನ್ನಷ್ಟೇ (ಡಿಸ್ಕ್ ಒಮ್ಮೆಗೆ ಓದಿ ಬರೆಯುವ ತುಣುಕನ್ನು) ಒಪ್ಪುತ್ತದೆ, ಕೆಲವು ಡಿಸ್ಕ್‌ಗಳು ವಿಂಡೋಸ್ 11ಕ್ಕೆ ಅದಕ್ಕಿಂತ ದೊಡ್ಡ ಅಳತೆ ಹೇಳುತ್ತವೆ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಎಫ್‌ಎಸ್‌ಯುಟಿಲ್’ ಮೂಲಕ ಸೆಕ್ಟರ್ ಮಾಹಿತಿ ಕೇಳಿದರೆ ಸಂಖ್ಯೆ ಕಾಣುತ್ತದೆ. 8,192 ಅಥವಾ 16,384 ಎಂದಿದ್ದರೆ ಕಾರಣ ಸಿಕ್ಕಿತೆಂದೇ ಅರ್ಥ. ರಿಜಿಸ್ಟ್ರಿಯಲ್ಲಿ ಎನ್‌ವಿಎಂಇ ಚಾಲಕದ ಡಿವೈಸ್ ಕೀಲಿಯಡಿ ‘ಫೋರ್ಸ್ಡ್ ಫಿಸಿಕಲ್ ಸೆಕ್ಟರ್ ಸೈಜ್ ಇನ್ ಬೈಟ್ಸ್’ ಎಂಬ ಮೌಲ್ಯ ಸೇರಿಸಿ, ನಕ್ಷತ್ರ ಚಿಹ್ನೆ, ಖಾಲಿ ಜಾಗ, 4095 ಎಂದು ಬರೆದು, ಯಂತ್ರ ರೀಸ್ಟಾರ್ಟ್ ಮಾಡಬೇಕು. ಇದು ಮೈಕ್ರೋಸಾಫ್ಟೇ ಹೇಳಿರುವ ಪರಿಹಾರ. ಹಳೆಯ ಸರ್ವರಿಗೂ ಇದಕ್ಕೂ ಸಂಬಂಧವಿಲ್ಲ.

ಪೋರ್ಟ್ ವಿಷಯಕ್ಕೆ ಬರೋಣ. ಎಕ್ಸ್‌ಪ್ರೆಸ್ ಹಾಕಿದಾಗ ಟಿಸಿಪಿ, ಅಂದರೆ ಬೇರೆ ಕಂಪ್ಯೂಟರುಗಳು ನೆಟ್‌ವರ್ಕ್ ಮೂಲಕ ಬರುವ ದಾರಿ, ಮುಚ್ಚಿರುತ್ತದೆ. ಅದೇ ಕಂಪ್ಯೂಟರಿನಲ್ಲಿ ಸಾಫ್ಟ್‌ವೇರ್ ಚೆನ್ನಾಗಿ ಓಡುತ್ತದೆ, ಪಕ್ಕದ ಕೌಂಟರಿನ ಕಂಪ್ಯೂಟರಿಗೆ ಮಾತ್ರ ಸಿಗುವುದಿಲ್ಲ, ‘ಎರರ್ 26’ ಎನ್ನುತ್ತದೆ. ಹೆಸರಿನಿಂದ ಇನ್‌ಸ್ಟನ್ಸ್ ಹುಡುಕಿಕೊಡುವುದು ‘ಬ್ರೌಸರ್’ ಎಂಬ ಇನ್ನೊಂದು ಸರ್ವೀಸ್, ಅದು ಯುಡಿಪಿ 1434ರಲ್ಲಿ ಕೂತಿರುತ್ತದೆ. ಅದು ನಿಂತಿದ್ದರೆ ಅಥವಾ ಫೈರ್‌ವಾಲ್ ತಡೆದರೆ ಈ ಎರರ್ ಖಚಿತ. ನನ್ನ ಸಲಹೆ, ಬ್ರೌಸರನ್ನು ನೆಚ್ಚಿಕೊಳ್ಳದೆ ಪೋರ್ಟನ್ನು ಗಟ್ಟಿ ಮಾಡಿಬಿಡಿ. ಕಾನ್ಫಿಗರೇಶನ್ ಮ್ಯಾನೇಜರಿನಲ್ಲಿ (ಎರಡು ಕಂಡರೆ ಹೊಸ ಆವೃತ್ತಿಯದನ್ನೇ ತೆರೆಯಿರಿ, ಹಳೆಯದಕ್ಕೆ ಹೊಸ ಸರ್ವರ್ ನಿಭಾಯಿಸಲು ಬಾರದು) ಆಯಾ ಇನ್‌ಸ್ಟನ್ಸಿನ ಟಿಸಿಪಿ ಚಾಲೂ ಮಾಡಿ. ‘ಐಪಿ ಆಲ್’ ಎಂಬಲ್ಲಿ ಡೈನಮಿಕ್ ಪೋರ್ಟಿನ ಜಾಗ ಪೂರ್ತಿ ಖಾಲಿ ಮಾಡಿ, ಸೊನ್ನೆಯೂ ಉಳಿಯಬಾರದು. ಹಳೆಯದಕ್ಕೆ 1433, ಹೊಸದಕ್ಕೆ 1435 ಕೊಡಿ. 1434 ಬೇರೆ ಕೆಲಸಕ್ಕೆ ಮೀಸಲು, ಬಿಟ್ಟುಬಿಡಿ. ಸರ್ವೀಸ್ ರೀಸ್ಟಾರ್ಟ್ ಮಾಡಿ, ಫೈರ್‌ವಾಲಿನಲ್ಲಿ ಎರಡೂ ಸಂಖ್ಯೆಗೆ ಅನುಮತಿ ಕೊಡಿ. ಕೌಂಟರಿನ ಕಂಪ್ಯೂಟರುಗಳಲ್ಲಿ ಸರ್ವರಿನ ಹೆಸರು, ಅಲ್ಪವಿರಾಮ, 1435 ಎಂದು ಬರೆಯಬೇಕು. ಕೋಲನ್ ಹಾಕಿದರೆ ನಡೆಯದು.

ಈಗ ಅತಿ ಮುಖ್ಯವಾದ ಮಾತು. ಹಳೆಯ ಡೇಟಾ ಫೈಲನ್ನು ಹೊಸ ಸರ್ವರಿಗೆ ನೇರವಾಗಿ ‘ಅಟ್ಯಾಚ್’ ಮಾಡಬೇಡಿ. ಮಾಡಿದ ಕ್ಷಣದಲ್ಲೇ ಫೈಲಿನ ಒಳರಚನೆ ಹೊಸ ಆವೃತ್ತಿಗೆ ಬದಲಾಗುತ್ತದೆ, ಮತ್ತೆ ಹಳೆಯ ಸರ್ವರಿಗೆ ಕೊಟ್ಟರೆ ಅದು ಒಪ್ಪುವುದಿಲ್ಲ. 2019ಕ್ಕೆ ಒಮ್ಮೆ ತೋರಿಸಿದ ಫೈಲನ್ನು 2016ರಲ್ಲಿ ತೆರೆಯಹೋದರೆ, ‘ಇದು 904ನೇ ಆವೃತ್ತಿಯದು, ಈ ಸರ್ವರ್ 852ರವರೆಗೆ ಮಾತ್ರ ಒಪ್ಪುತ್ತದೆ, ಕೆಳಗಿಳಿಸುವ ದಾರಿಯಿಲ್ಲ’ ಎಂಬರ್ಥದ ಎರರ್ 948 ಬರುತ್ತದೆ. ಬ್ಯಾಕಪ್‌ಗೂ ಇದೇ ನಿಯಮ: ಹಳೆಯದರ ಬ್ಯಾಕಪ್ ಹೊಸದರಲ್ಲಿ ಏರುತ್ತದೆ, ಹೊಸದರದ್ದು ಹಳೆಯದರಲ್ಲಿ ಇಳಿಯುವುದಿಲ್ಲ. ‘ಒಂದು ಸಲ ನೋಡಿ ವಾಪಸ್ ಹಾಕೋಣ’ ಎನ್ನುವುದು ಇಲ್ಲಿ ನಡೆಯದು.

ಸರಿಯಾದ ಕ್ರಮವೆಂದರೆ ಹಳೆಯ ಸರ್ವರ್ ಓಡುತ್ತಿರುವಾಗಲೇ ಚೆಕ್‌ಸಮ್ (ಫೈಲ್ ಕೆಟ್ಟಿಲ್ಲವೆಂದು ನೋಡುವ ತಾಳೆಸಂಖ್ಯೆ) ಸಹಿತ ಬ್ಯಾಕಪ್ ತೆಗೆಯುವುದು, ಅದನ್ನು ‘ವೆರಿಫೈ ಓನ್ಲಿ’ಯಿಂದ ಪರೀಕ್ಷಿಸುವುದು, ಆಮೇಲೆ ಹೊಸ ಇನ್‌ಸ್ಟನ್ಸಿನಲ್ಲಿ ರಿಸ್ಟೋರ್ ಮಾಡುವುದು. ಇಲ್ಲಿ ಮೂರು ಕಡೆ ಕಾಲು ಜಾರುತ್ತದೆ. ಬ್ಯಾಕಪ್‌ನೊಳಗೆ ಹಳೆಯ ಫೋಲ್ಡರಿನ ವಿಳಾಸ ಇರುವುದರಿಂದ, ‘ಮೂವ್’ ಕೊಟ್ಟು ಹೊಸ ವಿಳಾಸ ಹೇಳದಿದ್ದರೆ ಫೈಲ್ ಬಳಕೆಯಲ್ಲಿದೆ ಎಂದು ರಿಸ್ಟೋರ್ ನಿಲ್ಲುತ್ತದೆ. ಬ್ಯಾಕಪ್ ಡೆಸ್ಕ್‌ಟಾಪಿನಲ್ಲಿದ್ದರೆ ‘ಎರರ್ 5, ಆಕ್ಸೆಸ್ ಡಿನೈಡ್’ ಬರುತ್ತದೆ. ಪ್ರತಿ ಇನ್‌ಸ್ಟನ್ಸ್ ತನ್ನದೇ ಸರ್ವೀಸ್ ಖಾತೆಯಲ್ಲಿ ಓಡುತ್ತದೆ, ನಿಮ್ಮ ಲಾಗಿನ್‌ಗೆ ಕಾಣುವ ಫೋಲ್ಡರ್ ಅದಕ್ಕೆ ಕಾಣಬೇಕೆಂದಿಲ್ಲ. ಹೊಸ ಇನ್‌ಸ್ಟನ್ಸಿನ ಬ್ಯಾಕಪ್ ಫೋಲ್ಡರಿಗೇ ನಕಲು ಮಾಡಿದರೆ ತೊಂದರೆ ತಪ್ಪುತ್ತದೆ. ಮೂರನೆಯದು ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡದಿರುವುದು. ಬಳಕೆದಾರರು ಡೇಟಾಬೇಸಿನ ಜೊತೆ ಬರುತ್ತಾರೆ, ಲಾಗಿನ್‌ಗಳು (ಸರ್ವರಿನೊಳಗೆ ಬಿಡುವ ಹೆಸರು, ಪಾಸ್‌ವರ್ಡ್) ‘ಮಾಸ್ಟರ್’ ಡೇಟಾಬೇಸಿನಲ್ಲಿ ಹಿಂದೆಯೇ ಉಳಿಯುತ್ತವೆ. ಹೊಸದರಲ್ಲಿ ಲಾಗಿನ್ ಸೃಷ್ಟಿಸಿ, ‘ಆಲ್ಟರ್ ಯೂಸರ್’ ಆಜ್ಞೆಯಿಂದ ಎರಡನ್ನೂ ಜೋಡಿಸಬೇಕು. ಕಂಪ್ಯಾಟಿಬಿಲಿಟಿ ಮಟ್ಟವನ್ನು (ಡೇಟಾಬೇಸ್ ಯಾವ ಆವೃತ್ತಿಯಂತೆ ನಡೆದುಕೊಳ್ಳಬೇಕೆಂಬ ಸಂಖ್ಯೆಯನ್ನು) ಮಾತ್ರ ಆತುರದಲ್ಲಿ ಏರಿಸಬೇಡಿ. 2014ರಿಂದ ಬಂದದ್ದು 120ರಲ್ಲೇ ಇರಲಿ. ಒಂದು ತಿಂಗಳ ಪಟ್ಟಿ, ಖಾತೆ, ಸ್ಟಾಕ್ ಎಲ್ಲ ತಾಳೆಯಾದ ಮೇಲೆ ಏರಿಸಿದರಾಯಿತು.

ಎರಡು ಸರ್ವರ್ ಇರುವ ಯಂತ್ರದಲ್ಲಿ ಯಾವುದೇ ಆಜ್ಞೆ ಕೊಡುವ ಮುನ್ನ ‘ನಾನು ಯಾರ ಜೊತೆ ಮಾತಾಡುತ್ತಿದ್ದೇನೆ’ ಎಂದು ಸರ್ವರನ್ನೇ ಕೇಳಿ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಸರ್ವರ್ ನೇಮ್ ಮತ್ತು ವರ್ಶನ್, ಬೇರೆ ಡೇಟಾಬೇಸ್ ಸರ್ವರ್‌ಗಳಾದ ಮೈಎಸ್‌ಕ್ಯೂಎಲ್‌ನಲ್ಲಿ ಪೋರ್ಟ್, ವರ್ಶನ್, ಡೇಟಾಡಿರ್, ಪೋಸ್ಟ್‌ಗ್ರೆಸ್‌ನಲ್ಲಿ ‘ಶೋ ಪೋರ್ಟ್’, ‘ಶೋ ಡೇಟಾ ಡೈರೆಕ್ಟರಿ’. ಲಿನಕ್ಸ್‌ನಲ್ಲಿ ಮೈಎಸ್‌ಕ್ಯೂಎಲ್ ಬಳಸುವವರಿಗಂತೂ ಇದು ಕಡ್ಡಾಯ. ಅಲ್ಲಿ ಲೋಕಲ್‌ಹೋಸ್ಟ್ (ಇದೇ ಯಂತ್ರ) ಎಂದು ಬರೆದು ಪೋರ್ಟ್ 3307 ಎಂದರೆ, ಕ್ಲೈಂಟ್ ಆ ಪೋರ್ಟನ್ನು ಗಣನೆಗೇ ತೆಗೆದುಕೊಳ್ಳದೆ ಯುನಿಕ್ಸ್ ಸಾಕೆಟ್ ಎಂಬ ಒಳದಾರಿಯ ಮೂಲಕ ಮೊದಲ ಸರ್ವರಿಗೇ ಹೋಗಿ ಸೇರುತ್ತದೆ. ಪರೀಕ್ಷೆಯ ಸರ್ವರ್ ಎಂದುಕೊಂಡು ಟೇಬಲ್ ಅಳಿಸಿದರೆ ಹೋಗುವುದು ಅಸಲಿ ಲೆಕ್ಕ. ಲೋಕಲ್‌ಹೋಸ್ಟ್ ಬದಲು 127.0.0.1 ಎಂದು ಬರೆಯಿರಿ.

ಮೈಎಸ್‌ಕ್ಯೂಎಲ್‌ನ ಮೂಲ ಪೋರ್ಟ್ 3306, ಅದರಿಂದ ಕವಲೊಡೆದ ಮರಿಯಾಡಿಬಿಗೂ ಅದೇ. ಎರಡನೆಯದಕ್ಕೆ 3307 ಕೊಟ್ಟು, ಅದಕ್ಕೇ ಬೇರೆ ಕಾನ್ಫಿಗರೇಶನ್ ಫೈಲ್, ಬೇರೆ ಡೇಟಾ ಫೋಲ್ಡರ್ ಮಾಡಿ. ಜಿಪ್ ಪ್ರತಿಯಿಂದ ಹಾಕುವುದಾದರೆ ‘ಇನ್‌ಸ್ಟಾಲ್’ ಆಜ್ಞೆಯ ಬೆನ್ನಿಗೇ ಸರ್ವೀಸಿನ ಹೆಸರು, ಆಮೇಲೆ ಕಾನ್ಫಿಗರೇಶನ್ ಫೈಲಿನ ವಿಳಾಸ ಬರಬೇಕು. 8.0 ಮತ್ತು ನಂತರದವು 33060 ಎಂಬ ಇನ್ನೊಂದು ಪೋರ್ಟನ್ನೂ ಹಿಡಿಯುತ್ತವೆ. 8.0, 8.4 ಎರಡೂ ಇದ್ದರೆ ಒಂದರದ್ದನ್ನು 33070 ಎಂದೋ ಮತ್ತೊಂದೋ ಬದಲಿಸಿ. 8.0ಯಿಂದ ಪಾಸ್‌ವರ್ಡ್ ಪರಿಶೀಲನೆಯ ವಿಧಾನವೇ ಬದಲಾಗಿದೆ. ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್ ‘ಎರರ್ 2059’ ಎಂದರೆ ಅದೇ ಕಾರಣ. 8.4ರಲ್ಲಿ ಹಳೆಯ ವಿಧಾನ ಮುಚ್ಚಿರುತ್ತದೆ, ಬೇಕೆಂದರೆ ತೆರೆಯಬಹುದು. 9.0ಯಲ್ಲಿ ಕಿತ್ತೇ ಹಾಕಿದ್ದಾರೆ. 5.7ರ ಫೋಲ್ಡರನ್ನು ನೇರ 8.4ಕ್ಕೆ ಕೊಡಲು ಬರುವುದಿಲ್ಲ, ನಡುವೆ 8.0 ಹಾದು ಹೋಗಬೇಕು, ಇಲ್ಲವೇ ಡಂಪ್ (ಡೇಟಾವನ್ನೆಲ್ಲ ಆಜ್ಞೆಗಳ ರೂಪದಲ್ಲಿ ಬರೆದ ಪಠ್ಯ ಫೈಲ್) ತೆಗೆದು ತುಂಬಬೇಕು.

ಡಂಪ್ ಎಂದಾಗ ಕನ್ನಡದ ಹೆಸರುಗಳ ಗತಿ ಏನಾಗುತ್ತದೆ ನೋಡಿ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡಲು 5.7 ತಾನಾಗಿ ಬಳಸುವ ಕ್ರಮ ಲ್ಯಾಟಿನ್1, 8.0ಯಿಂದ ಯುಟಿಎಫ್8ಎಂಬಿ4. ವಿಂಡೋಸಿನ ಪವರ್‌ಶೆಲ್‌ನಲ್ಲಿ ಬಾಣದ ಗುರುತಿನಿಂದ ಡಂಪ್ ಉಳಿಸಿದರೆ ಫೈಲ್ ಯುಟಿಎಫ್16 ಆಗಿಬಿಡುತ್ತದೆ, ಮತ್ತೆ ತುಂಬಲು ಆಗುವುದಿಲ್ಲ. ‘ರಿಸಲ್ಟ್ ಫೈಲ್’ ಎಂಬ ಆಯ್ಕೆಯಲ್ಲೇ ಫೈಲಿನ ಹೆಸರು ಕೊಡಬೇಕು. ರೊಟೀನ್ಸ್, ಈವೆಂಟ್ಸ್ ಎಂಬ ಎರಡು ಆಯ್ಕೆಗಳನ್ನೂ ಸೇರಿಸಿ, ಅವು ತಾವಾಗಿ ಬರುವುದಿಲ್ಲ. ತುಂಬಿದ ಮೇಲೆ ಬೆಳೆಗಾರರ ಹೆಸರಿನ ಜಾಗದಲ್ಲಿ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ ಕಂಡರೆ ಆ ಅಕ್ಷರಗಳು ನಾಶವಾಗಿವೆ, ಮೂಲಕ್ಕೆ ಹಿಂತಿರುಗಬೇಕು. ಮೂಲ ಇರುವುದು ನೀವು ಅಳಿಸದೆ ಉಳಿಸಿದ ಹಳೆಯ ಸರ್ವರಿನಲ್ಲಿ. ಚಿಹ್ನೆ ಹೊತ್ತ ಪರದೇಶಿ ಅಕ್ಷರಗಳ ಸಾಲು ಕಂಡರೆ ಗಾಬರಿ ಬೇಡ, ಬೈಟ್‌ಗಳು ಬಹುತೇಕ ಉಳಿದಿರುತ್ತವೆ, ಓದುವ ಕ್ರಮವಷ್ಟೇ ತಪ್ಪಿರುತ್ತದೆ. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಯುನಿಕೋಡೇತರ ಅಕ್ಷರಗಳಲ್ಲಿ ತುಂಬಿದ್ದಾದರೆ ಅದು ಬೇರೆಯೇ ವಿಷಯ. ಯಾವ ಆವೃತ್ತಿಯಲ್ಲೂ ಅದು ಹಾಗೇ ಇರುತ್ತದೆ, ಪರಿವರ್ತಕದಿಂದಲೇ ಯುನಿಕೋಡಿಗೆ ತರಬೇಕು.

ಕಾಲೇಜು ಹುಡುಗ ಹುಡುಗಿಯರಿಗೆ ಒಂದು ಮಾತು. ವೆಬ್‌ಸೈಟ್ ಕಟ್ಟಿ ಕಲಿಯಲು ಬಳಸುವ ಕ್ಸಾಂಪ್ ಎಂಬ ಪ್ಯಾಕೇಜಿನ ಫಲಕದಲ್ಲಿ ಮೈಎಸ್‌ಕ್ಯೂಎಲ್ ಎಂದಿದ್ದರೂ ಒಳಗಿರುವುದು ಮರಿಯಾಡಿಬಿ. ಮೊದಲೇ ಮೈಎಸ್‌ಕ್ಯೂಎಲ್ ಇರುವ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕಿದರೆ 3306ಕ್ಕೆ ಇಬ್ಬರೂ ಕೈಹಾಕುತ್ತಾರೆ, ‘ಅನಿರೀಕ್ಷಿತವಾಗಿ ನಿಂತಿತು’ ಎಂಬ ಕೆಂಪು ಸಾಲು ಬರುತ್ತದೆ. ಆಗ ಯಾರೋ ಹೇಳಿದರೆಂದು ಡೇಟಾ ಫೋಲ್ಡರಿನ ‘ಐಬಿಡೇಟಾ1’ ಫೈಲ್ ಅಳಿಸಬೇಡಿ. ಅಳಿಸಿದರೆ ಸರ್ವರ್ ಏಳಬಹುದು, ಆದರೆ ಟೇಬಲ್‌ಗಳು ‘ಎಂಜಿನ್‌ನಲ್ಲಿ ಇಲ್ಲ’ ಎನ್ನುತ್ತವೆ, ಸೆಮಿಸ್ಟರಿನ ಪ್ರಾಜೆಕ್ಟ್ ಅಲ್ಲಿಗೆ ಮುಗಿಯುತ್ತದೆ. ‘ನೆಟ್‌ಸ್ಟ್ಯಾಟ್’ ಆಜ್ಞೆಗೆ ಎ, ಎನ್, ಒ ಸೇರಿಸಿ ನೋಡಿದರೆ 3306 ಹಿಡಿದಿರುವ ಪ್ರೊಸೆಸ್‌ನ ಸಂಖ್ಯೆ ಸಿಗುತ್ತದೆ. ಎರಡರಲ್ಲಿ ಒಂದರ ಪೋರ್ಟ್ ಬದಲಿಸಿದರೆ ಸಾಕು.

ಪೋಸ್ಟ್‌ಗ್ರೆಸ್ ಈ ವಿಷಯದಲ್ಲಿ ಎಲ್ಲಕ್ಕಿಂತ ಶಿಸ್ತಿನದು. ಉಬುಂಟುವಿನಲ್ಲಿ ಹೊಸ ಆವೃತ್ತಿ ತಾನಾಗಿ ಬೇರೆ ಫೋಲ್ಡರಿನಲ್ಲಿ, 5432 ಬಿಟ್ಟು 5433ರಲ್ಲಿ ಕೂರುತ್ತದೆ. ಹೊಸದು ಖಾಲಿ ಇರುವುದನ್ನು ಕಂಡು ಡೇಟಾ ಹೋಯಿತೆಂದು ಹೆದರುವವರಿದ್ದಾರೆ. ‘ಪಿಜಿ ಎಲ್ಎಸ್ ಕ್ಲಸ್ಟರ್ಸ್’ ಎಂದರೆ ಎರಡೂ ಕಾಣುತ್ತವೆ. ಸಾಗಿಸುವಾಗ ಡಂಪ್ ತೆಗೆಯಲು ಹೊಸ ಆವೃತ್ತಿಯ ಉಪಕರಣವನ್ನೇ ಬಳಸಿ, ಹಳೆಯದು ಹೊಸ ಸರ್ವರನ್ನು ಮುಟ್ಟಲೊಪ್ಪದು. ಕ್ಲಸ್ಟರ್ (ಒಂದು ಆವೃತ್ತಿಯ ಸರ್ವರ್ ಮತ್ತು ಅದರ ಡೇಟಾ) ಅಳಿಸುವ ಆಜ್ಞೆ ಕೊಡುವಾಗ ಆವೃತ್ತಿಯ ಸಂಖ್ಯೆ ಎರಡು ಸಲ ಓದಿ.

ಮೆಮೊರಿ ಎಷ್ಟು ಬೇಕು? 2016ರಿಂದ ಈಚಿನ ಎಕ್ಸ್‌ಪ್ರೆಸ್ ಒಂದೊಂದೂ ಬಫರಿಗೆ 1,410 ಎಂಬಿವರೆಗೆ ತೆಗೆದುಕೊಳ್ಳುತ್ತದೆ. ಎರಡು ಸೇರಿದರೆ 3 ಜಿಬಿ ಹತ್ತಿರ. 8 ಜಿಬಿ ಯಂತ್ರಕ್ಕೆ ಭಾರವಲ್ಲ, 4 ಜಿಬಿಯದು ತೆವಳುತ್ತದೆ. ಹಣ ಕೊಟ್ಟು ಕೊಂಡ ಸ್ಟ್ಯಾಂಡರ್ಡ್ ಆವೃತ್ತಿಗೆ ಮಾತ್ರ ‘ಮ್ಯಾಕ್ಸ್ ಸರ್ವರ್ ಮೆಮೊರಿ’ ಕಡ್ಡಾಯವಾಗಿ ಕಟ್ಟಿ, ಇಲ್ಲದಿದ್ದರೆ ಎರಡೂ ಇರುವ ಮೆಮೊರಿಯೆಲ್ಲ ತನ್ನದೇ ಎಂದು ಎಳೆದಾಡುತ್ತವೆ. ಹಳೆಯದನ್ನು ತಿಂಗಳಿಗೊಮ್ಮೆ ನೋಡುವುದಾದರೆ ಅದರ ಸರ್ವೀಸನ್ನು ‘ಮ್ಯಾನುಯಲ್’ ಮಾಡಿಡಿ.

ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದನ್ನು ಹೇಳಬೇಕಿಲ್ಲ. ಈ ಸರ್ವರ್‌ಗಳು ಲಾಗ್ ಓದಿ ತಾವೇ ಚೇತರಿಸಿಕೊಳ್ಳುತ್ತವೆ, ಬರೆದದ್ದು ನಿಜವಾಗಿ ಡಿಸ್ಕಿಗೆ ಇಳಿದಿದ್ದರೆ ಮಾತ್ರ. ಡಿವೈಸ್ ಮ್ಯಾನೇಜರಿನ ಡಿಸ್ಕ್ ಪಾಲಿಸಿಯಲ್ಲಿ ‘ಬಫರ್ ಫ್ಲಶಿಂಗ್ ಆಫ್ ಮಾಡು’ ಎಂಬುದಕ್ಕೆ ಗುರುತು ಇರಲೇಬಾರದು. ವೇಗ ಬರುತ್ತದೆಂದು ಅದನ್ನು ಹಾಕಿಟ್ಟ ಯಂತ್ರಗಳಿವೆ. ಯುಪಿಎಸ್ ಇದ್ದರಷ್ಟೇ ಸಾಲದು, ಅದರ ಯುಎಸ್‌ಬಿ ತಂತಿ ಜೋಡಿಸಿ, ಬ್ಯಾಟರಿ ಇಳಿಯುವ ಮುನ್ನ ಯಂತ್ರ ತಾನೇ ಶಟ್‌ಡೌನ್ ಆಗುವಂತೆ ಮಾಡಬೇಕು. ಎಕ್ಸ್‌ಪ್ರೆಸ್‌ನಲ್ಲಿ ಗೊತ್ತಾದ ಹೊತ್ತಿಗೆ ಕೆಲಸ ಮಾಡಿಸುವ ‘ಏಜೆಂಟ್’ ಇಲ್ಲದ್ದರಿಂದ ರಾತ್ರಿಯ ಬ್ಯಾಕಪ್‌ಗೆ ಟಾಸ್ಕ್ ಶೆಡ್ಯೂಲರ್ ಬಳಸಬೇಕು. ಎರಡು ಇನ್‌ಸ್ಟನ್ಸಿಗೆ ಎರಡು ಟಾಸ್ಕ್. ಒಂದನ್ನೇ ಮಾಡಿ ಮರೆಯುವುದು ಸಾಮಾನ್ಯ.

ಹಳೆಯ ಆವೃತ್ತಿಗೆ ಭದ್ರತಾ ತಿದ್ದುಪಡಿ ಬರುವುದಿಲ್ಲವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಎಸ್‌ಕ್ಯೂಎಲ್ ಸರ್ವರ್ 2014ರ ಬೆಂಬಲ 2024ರ ಜುಲೈ 9ಕ್ಕೆ ಮುಗಿದಿದೆ, 2016ರದ್ದಕ್ಕೆ ಕೊನೆ 2026ರ ಜುಲೈ 14. ಮೈಎಸ್‌ಕ್ಯೂಎಲ್ 5.7ರದ್ದು 2023ರ ಅಕ್ಟೋಬರಿಗೆ ಮುಗಿಯಿತು, 8.0ಗೆ 2026ರ ಏಪ್ರಿಲ್. ಆದ್ದರಿಂದ ಹೊಸ ವ್ಯವಹಾರ ಹೊಸದರಲ್ಲೇ ನಡೆಯಲಿ. ಕೌಂಟರುಗಳೆಲ್ಲ ಹೊಸದಕ್ಕೆ ಬಂದ ಮೇಲೆ ಹಳೆಯದರ ಟಿಸಿಪಿ ಮುಚ್ಚಿ, ಮೊದಲು ಕೊಟ್ಟಿದ್ದ ಫೈರ್‌ವಾಲಿನ ಅನುಮತಿ ತೆಗೆದು, ಆ ಒಂದೇ ಯಂತ್ರದಿಂದ ಓದಲು ಮಾತ್ರ ಇಟ್ಟುಕೊಳ್ಳಿ. ಡೇಟಾಬೇಸನ್ನು ‘ರೀಡ್ ಓನ್ಲಿ’ ಮಾಡಿದರೆ ಕೈತಪ್ಪಿ ಹಳೆಯ ವರ್ಷಕ್ಕೆ ಪಟ್ಟಿ ಬೀಳುವುದೂ ತಪ್ಪುತ್ತದೆ.

ಸಾಫ್ಟ್‌ವೇರ್ ಮಾರುವವರಲ್ಲಿ ನನ್ನ ಕೋರಿಕೆ ಇಷ್ಟು. ಕೆಲಸ ಮುಗಿದ ಮೇಲೆ ಇನ್‌ಸ್ಟನ್ಸಿನ ಹೆಸರು, ಆವೃತ್ತಿ, ಪೋರ್ಟ್, ಡೇಟಾ ಫೋಲ್ಡರ್, ಬ್ಯಾಕಪ್ ಫೋಲ್ಡರ್ ಐದನ್ನೂ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಡಿ. ಅಡ್ಮಿನ್ ಪಾಸ್‌ವರ್ಡನ್ನು ಲಕೋಟೆಯಲ್ಲಿಟ್ಟು ಮಾಲೀಕರಿಗೆ ಒಪ್ಪಿಸಿ. ಲೆಕ್ಕ ಅವರದು, ಕೀಲಿಯೂ ಅವರ ಕೈಯಲ್ಲಿರಬೇಕು. ಸೊಸೈಟಿಗಳ ಆಡಳಿತ ಮಂಡಳಿಯವರು ಬಿಲ್ ಪಾಸು ಮಾಡುವ ಮುನ್ನ ಈ ಹಾಳೆ ಕೇಳಲಿ, ಹಳೆಯ ವರ್ಷದ ಒಂದು ಸದಸ್ಯ ಖಾತೆ ತೆರೆದು ತೋರಿಸಲು ಹೇಳಲಿ.

ಅವಧಿ ಮುಗಿದು ಹಳೆಯದನ್ನು ತೆಗೆಯುವ ದಿನ ಬಂದಾಗ, ಕೊನೆಯ ಬ್ಯಾಕಪ್ ಎರಡು ಕಡೆ ಇಟ್ಟು, ಅದನ್ನು ಹೊಸ ಸರ್ವರಿನಲ್ಲಿ ರಿಸ್ಟೋರ್ ಮಾಡಿ ನೋಡಿದ ಮೇಲೆಯೇ ಅನ್‌ಇನ್‌ಸ್ಟಾಲ್‌ಗೆ ಹೋಗಿ. ಪಟ್ಟಿಯಲ್ಲಿ ಆ ಇನ್‌ಸ್ಟನ್ಸನ್ನು ಮಾತ್ರ ಆರಿಸಿ. ‘ಶೇರ್ಡ್ ಫೀಚರ್ಸ್’ ಎಂಬುದಕ್ಕೆ ಗುರುತು ಹಾಕಬೇಡಿ, ಅವುಗಳ ಮೇಲೆ ಹೊಸ ಸರ್ವರೂ ನಿಂತಿರುತ್ತದೆ.

ಇತಿ,
ಓದುಗ, ವಿನೋಬನಗರ, ಶಿವಮೊಗ್ಗ